ಫ್ರಾನ್ಸಿಗೆ ಲಾಂಗ್ ಸ್ಟೇ ವೀಸಾ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಫ್ರಾನ್ಸಿನ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್‌ಸಿ. ಸೀಟು ಸಿಕ್ಕಿದೆ, ಸೆಪ್ಟೆಂಬರ್ 1ಕ್ಕೆ ತರಗತಿ ಶುರು. ಹಿಂದೆ ಪ್ರವಾಸಕ್ಕೆಂದು ಪಡೆದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಇನ್ನೂ ಒಂದು ವರ್ಷ ಚಾಲ್ತಿಯಲ್ಲಿದೆ. ಅದರ ಮೇಲೆ ಹೋಗಿ, ಅಲ್ಲೇ ಸ್ಟೂಡೆಂಟ್ ವೀಸಾ ಮಾಡಿಸಿಕೊಳ್ಳಬಹುದೇ?

ಉತ್ತರ: ಆ ಯೋಚನೆ ಬಿಟ್ಟುಬಿಡಿ. ನಿಮ್ಮಲ್ಲಿರುವುದು ‘ಸಿ’ ವೀಸಾ, ಅಂದರೆ ಅಲ್ಪಾವಧಿಯದ್ದು. ಅದರ ಅವಧಿ ಎಷ್ಟು ವರ್ಷವೇ ಇರಲಿ, ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಉಳಿಯುವಂತಿಲ್ಲ. ಓದಲು ಬೇಕಾದದ್ದು ‘ಡಿ’ ವೀಸಾ, ಅಂದರೆ ಲಾಂಗ್ ಸ್ಟೇ (ದೀರ್ಘಾವಧಿ) ವೀಸಾ, ಅದನ್ನು ಇಲ್ಲಿಂದಲೇ ಪಡೆದು ಹೊರಡಬೇಕು. ಅಲ್ಲಿಗೆ ಹೋದಮೇಲೆ ವಾಪಸ್ ಬಂದು ಅರ್ಜಿ ಹಾಕುವಷ್ಟರಲ್ಲಿ ಒಂದು ಸೆಮಿಸ್ಟರ್ ಕೈತಪ್ಪಿರುತ್ತದೆ.

ಭಾರತದ ವಿದ್ಯಾರ್ಥಿಗಳಿಗೆ ಮೊದಲ ಮೆಟ್ಟಿಲು ಕ್ಯಾಂಪಸ್ ಫ್ರಾನ್ಸ್, ಅಲ್ಲಿ ಓದಲು ಹೋಗುವವರಿಗಾಗಿ ಇರುವ ಫ್ರೆಂಚ್ ಸರ್ಕಾರದ ಸಂಸ್ಥೆ. ಅದರ ಪೋರ್ಟಲ್‌ನಲ್ಲಿ ಖಾತೆ ತೆರೆದು, ಅಂಕಪಟ್ಟಿ ಮತ್ತು ಪ್ರವೇಶಪತ್ರ ಅಪ್‌ಲೋಡ್ ಮಾಡಿ, ಸಂದರ್ಶನ ಮುಗಿಸಬೇಕು. ಆಮೇಲೆ ಫ್ರಾನ್ಸ್-ವೀಸಾಸ್ ಎಂಬ ಅಧಿಕೃತ ತಾಣದಲ್ಲಿ ಅರ್ಜಿ, ಕೊನೆಗೆ ಅರ್ಜಿ ಸ್ವೀಕರಿಸುವ ಖಾಸಗಿ ಸಂಸ್ಥೆ ವಿಎಫ್‌ಎಸ್‌ನ ಕೇಂದ್ರದಲ್ಲಿ ಕಾಗದಪತ್ರ ಮತ್ತು ಬೆರಳಚ್ಚು. ವೀಸಾ ಅರ್ಜಿಯನ್ನು ಹೊರಡುವುದಕ್ಕೆ 3 ತಿಂಗಳಿಗಿಂತ ಮುಂಚೆ ತೆಗೆದುಕೊಳ್ಳುವುದಿಲ್ಲ. ಇದನ್ನು ಕೇಳಿ ಕ್ಯಾಂಪಸ್ ಫ್ರಾನ್ಸ್ ಕೆಲಸವನ್ನೂ ಜೂನ್‌ವರೆಗೆ ಮುಂದೂಡುವವರು ಬಹಳ. ಆ ಹಂತಕ್ಕೆ ಈ 3 ತಿಂಗಳ ಮಿತಿ ಅನ್ವಯಿಸದು, ಸೀಟು ಖಚಿತವಾದ ಕೂಡಲೇ ಶುರುಮಾಡಿ.

ಖರ್ಚಿಗೆ ತಿಂಗಳಿಗೆ ಕನಿಷ್ಠ 615 ಯೂರೊ ತೋರಿಸಬೇಕು, 10 ತಿಂಗಳ ಕೋರ್ಸಿಗೆ 6,150 ಯೂರೊ. ಅರ್ಜಿಗೆ ಮುಂಚಿನ ವಾರ ಖಾತೆಗೆ ದಿಢೀರನೆ ಬಿದ್ದ ದೊಡ್ಡ ಮೊತ್ತ ಅನುಮಾನಕ್ಕೆ ಎಡೆಮಾಡುತ್ತದೆ. ಬಂದದ್ದು ಸಾಲವಾದರೆ ಬ್ಯಾಂಕಿನ ಮಂಜೂರಾತಿ ಪತ್ರ, ಎಫ್‌ಡಿ ಮುರಿಸಿದ್ದಾದರೆ ಅದರ ರಸೀದಿ ಜೊತೆಗಿಡಿ. ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, 2 ಖಾಲಿ ಪುಟ ಇರಬೇಕು.

ಪ್ರಶ್ನೆ: ಕಂಪನಿ ನನ್ನನ್ನು ಅಲ್ಲಿಗೆ ನೇಮಿಸಿಕೊಂಡಿದೆ. ಹೆಂಡತಿ, ಮಗು ಜೊತೆಯಲ್ಲೇ ಬರಬಹುದೇ?

ಉತ್ತರ: ಯಾವ ವಿಭಾಗದಲ್ಲಿ ನೇಮಿಸಿಕೊಂಡಿದ್ದಾರೆ ಎಂದು ಎಚ್‌ಆರ್ ಅವರನ್ನು ಇವತ್ತೇ ಕೇಳಿ. ಉನ್ನತ ಕೌಶಲದವರಿಗಾಗಿ ಇರುವ ‘ಟ್ಯಾಲೆಂಟ್’ ವಿಭಾಗವಾದರೆ ಕುಟುಂಬವೂ ನಿಮ್ಮೊಂದಿಗೇ ಅರ್ಜಿ ಹಾಕಬಹುದು, ಹೆಂಡತಿಗೆ ಕೆಲಸದ ಹಕ್ಕೂ ಸಿಗುತ್ತದೆ. ಸಾಮಾನ್ಯ ನೌಕರ ವಿಭಾಗವಾದರೆ ಕುಟುಂಬ ಪುನರ್ಮಿಲನದ ಅರ್ಜಿಗೆ ನೀವು ಅಲ್ಲಿ 18 ತಿಂಗಳು ವಾಸವಿರಬೇಕು. ಅದಕ್ಕೂ ಮುಂಚೆ ಬರಬೇಕೆಂದರೆ ಹೆಂಡತಿಗೆ ಉಳಿಯುವುದು ‘ವಿಸಿಟರ್’ ದಾರಿ. ಅದರಲ್ಲಿ ದುಡಿಯುವುದಿಲ್ಲ ಎಂದು ಬರೆದುಕೊಡಬೇಕು. ಒಪ್ಪಂದಕ್ಕೆ ಸಹಿ ಬಿದ್ದಮೇಲೆ ವಿಭಾಗ ಬದಲಿಸುವುದು ಕಷ್ಟ.

ಪ್ರಶ್ನೆ: ವೀಸಾ ಬಂತು, ಒಂದು ವರ್ಷದ್ದು. ಇನ್ನೇನಾದರೂ ಮಾಡಬೇಕೇ?

ಉತ್ತರ: ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಅದರಲ್ಲಿ ಅಂಟಿಸಿದ ವೀಸಾ ಸ್ಟಿಕರನ್ನು ಸಾಲುಸಾಲಾಗಿ ಓದಿ: ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಶುರುವಾಗುವ ದಿನ, ಮುಗಿಯುವ ದಿನ. ತಪ್ಪಿದ್ದರೆ ಹೊರಡುವ ಮುನ್ನವೇ ತಿದ್ದಿಸಿ. ಆಮೇಲೆ ಕೆಳಗಿನ ಷರಾ ಭಾಗ ನೋಡಿ, ಮುಂದಿನದೆಲ್ಲ ನಿರ್ಧಾರವಾಗುವುದು ಅಲ್ಲಿರುವ ಒಂದು ಸಾಲಿನಿಂದ.

‘ಸೆಸೆಡಾ ಆರ್. 431-16’ (CESEDA R. 431-16, ವಿದೇಶಿಯರ ಕುರಿತ ಫ್ರೆಂಚ್ ಕಾನೂನಿನ ಒಂದು ವಿಧಿ) ಎಂಬ ಉಲ್ಲೇಖವಿದ್ದರೆ ಆ ವೀಸಾವೇ ನಿಮ್ಮ ನಿವಾಸ ಪರವಾನಗಿ. ಆದರೆ ಫ್ರಾನ್ಸ್ ತಲುಪಿ 3 ತಿಂಗಳೊಳಗೆ ಆನ್‌ಲೈನ್‌ನಲ್ಲಿ ಅದನ್ನು ಊರ್ಜಿತಗೊಳಿಸಬೇಕು. ವೀಸಾ ಸಂಖ್ಯೆ, ಒಳಬಂದ ದಿನಾಂಕ, ಅಲ್ಲಿನ ವಿಳಾಸ, ಇಮೇಲ್, ಊರ್ಜಿತದ ತೆರಿಗೆ ಕಟ್ಟಲು ಬ್ಯಾಂಕ್ ಕಾರ್ಡ್ ಇದ್ದರೆ ಮನೆಯಲ್ಲೇ ಕೂತು ಮುಗಿಸಬಹುದು. ಮಾಡದಿದ್ದರೆ ಸ್ಟಿಕರಿನಲ್ಲಿ ಇನ್ನೂ 9 ತಿಂಗಳು ಕಾಣುತ್ತಿದ್ದರೂ ನಿಮ್ಮ ವಾಸ ಅಕ್ರಮ. ರಜೆಗೆ ಊರಿಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ಬೇರೆ ಷೆಂಗೆನ್ ದೇಶದಲ್ಲಿ ವಿಮಾನ ಬದಲಿಸಿ ಹೋಗುವವರು ಫ್ರಾನ್ಸಿಗೆ ಇಳಿದ ಬೋರ್ಡಿಂಗ್ ಪಾಸ್ ಎಸೆಯಬಾರದು. ಒಳಬಂದ ದಿನಕ್ಕೆ ಅದೇ ಸಾಕ್ಷಿ.

‘ಕಾರ್ತ್ ದ ಸೆಜೂರ್ ಆ ಸೊಲಿಸಿತೆ’ (ನಿವಾಸ ಕಾರ್ಡಿಗೆ ಅರ್ಜಿ ಹಾಕಬೇಕು) ಎಂದಿದ್ದರೆ ಊರ್ಜಿತದ ಹಂತವಿಲ್ಲ. ಬಂದ 2 ತಿಂಗಳೊಳಗೆ ಕಾರ್ಡಿಗೆ ಅರ್ಜಿ ಹಾಕಬೇಕು. ತಾತ್ಕಾಲಿಕ ಲಾಂಗ್ ಸ್ಟೇ ಆಗಿದ್ದರೆ ಇವೆರಡೂ ಬೇಡ, ಅವಧಿ ಮುಗಿದಾಗ ಮರಳಬೇಕು ಅಷ್ಟೆ. ಊರ್ಜಿತವಾದ ಒಂದು ವರ್ಷದ ವೀಸಾ ಮುಂದುವರಿಸಬೇಕೆಂದರೆ, ಮುಗಿಯುವುದಕ್ಕೆ 4 ತಿಂಗಳಿಂದ 2 ತಿಂಗಳ ನಡುವೆ ಅರ್ಜಿ ಹಾಕಿಬಿಡಿ.

ಪ್ರಶ್ನೆ: ಜನನ ಪ್ರಮಾಣಪತ್ರವನ್ನು ಇಲ್ಲೇ ಫ್ರೆಂಚಿಗೆ ಅನುವಾದಿಸಿಕೊಂಡು ಹೋಗಲೇ?

ಉತ್ತರ: ಮೊದಲು ಅಪಾಸ್ಟಿಲ್ (ದಾಖಲೆ ಅಸಲಿ ಎಂದು ಹೊರದೇಶಕ್ಕೆ ದೃಢೀಕರಿಸುವ ಮುದ್ರೆ), ಆಮೇಲೆ ಅನುವಾದ. ಪ್ರಮಾಣಪತ್ರದಲ್ಲಿ ತಂದೆ ತಾಯಿಯ ಹೆಸರು ಇರಲೇಬೇಕು. ಅಲ್ಲಿನ ಆರೋಗ್ಯ ವಿಮೆ ನೋಂದಣಿಗೆ ಅದನ್ನು ಕೇಳುತ್ತಾರೆ. ರಾಜ್ಯ ಮಟ್ಟದ ದೃಢೀಕರಣವಾದ ಬಳಿಕ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆ ಬೀಳುತ್ತದೆ. ಅನುವಾದ ಮುಂಚೆ ಮಾಡಿಸಿದರೆ ಆ ಮುದ್ರೆಯ ಬರಹ ಅನುವಾದದೊಳಗೆ ಬರುವುದಿಲ್ಲ, ಎರಡನೇ ಸಲ ಹಣ ತೆರಬೇಕಾಗುತ್ತದೆ. ಫ್ರಾನ್ಸ್ ತಲುಪಿದ ಮೇಲೆ ಅಲ್ಲಿನ ನ್ಯಾಯಾಲಯದ ಪಟ್ಟಿಯಲ್ಲಿರುವ ಅನುವಾದಕರಿಂದ ಮಾಡಿಸುವುದು ಕ್ಷೇಮ.

ಪ್ರಶ್ನೆ: ವೀಸಾ ತಿರಸ್ಕೃತವಾದರೆ?

ಉತ್ತರ: ಲಾಂಗ್ ಸ್ಟೇ ವೀಸಾದ ಮೇಲ್ಮನವಿ ನಾಂತ್ ನಗರದ ವೀಸಾ ಮೇಲ್ಮನವಿ ಆಯೋಗಕ್ಕೆ. ತಿರಸ್ಕಾರ ತಿಳಿದ 30 ದಿನದೊಳಗೆ, ಕಾರಣಗಳನ್ನು ಫ್ರೆಂಚಿನಲ್ಲಿ ಬರೆದು, ಸಹಿ ಮಾಡಿ ಕಳಿಸಬೇಕು. 2 ತಿಂಗಳು ಉತ್ತರ ಬರದಿದ್ದರೆ ಅದೂ ನಿರಾಕರಣೆಯೇ. ಆಗ ನಾಂತ್ ಆಡಳಿತ ನ್ಯಾಯಾಲಯದ ದಾರಿ ತೆರೆದಿರುತ್ತದೆ. ಕೊರತೆ ಒಂದು ಕಾಗದದ್ದಾಗಿದ್ದು ತರಗತಿಯೂ ಹತ್ತಿರವಿದ್ದರೆ, ಆ ಕಾಗದ ಸೇರಿಸಿ ಹೊಸ ಅರ್ಜಿ ಹಾಕುವುದೇ ಬೇಗ. ಆದರೂ ಮೇಲ್ಮನವಿಯ 30 ದಿನ ದಾಟಲು ಬಿಡಬೇಡಿ, ಎರಡನ್ನೂ ಒಟ್ಟಿಗೆ ನಡೆಸಬಹುದು.