ಹಿರಿಯರು ಯಾವ ಧರ್ಮದವರು?

ಪ್ರಶ್ನೆ: ನನ್ನ ಜೊತೆ ಕೆಲಸ ಮಾಡುವ ಸಿದ್ದಿ ಹುಡುಗಿ ಕ್ರಿಶ್ಚಿಯನ್. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಾಳೆ. ಆದರೆ ಹಿಂದೂ ನೆಂಟರ ಮನೆಯಲ್ಲಿ ಹಿರಿಯರ ಪೂಜೆ ಇದ್ದರೆ ಅಲ್ಲೂ ಹೋಗಿ ಕೂರುತ್ತಾಳೆ. ಕೇಳಿದರೆ ನಗುತ್ತಾಳೆ. ಇದು ಅವರ ಧರ್ಮಕ್ಕೆ ಒಪ್ಪುತ್ತದಾ? – ಓದುಗರೊಬ್ಬರು, ಶಿರಸಿ

ಉತ್ತರ: ಅವಳು ನಕ್ಕಿದ್ದು ಸರಿಯಾಗೇ ಇದೆ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂವರೂ ಇದ್ದಾರೆ. ಒಂದೇ ಬಳಗದೊಳಗೆ ಮೂರೂ ಸಿಗುವುದುಂಟು. ಇವರ ಪೂರ್ವಿಕರನ್ನು ಆಫ್ರಿಕಾದ ಪೂರ್ವ ಕರಾವಳಿಯಿಂದ ಹಡಗಿನಲ್ಲಿ ತಂದರು, ಜಾಸ್ತಿ ಜನರನ್ನು ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದರು, ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಹಳ್ಳಿಗಳಲ್ಲಿ ನೆಲೆಯಾದರು. ಅವರ ಮೊದಲಿನ ಭಾಷೆ ಹೋಯಿತು, ಹೆಸರು ಹೋಯಿತು, ಯಾವ ಊರಿಂದ ಬಂದೆವು ಅನ್ನುವುದೂ ಮರೆತುಹೋಯಿತು. ಉಳಿದದ್ದು ಹಿರಿಯರು. ಹಾಗಾಗಿ ಆ ಪೂಜೆಗೆ ಕೂರುವಾಗ ಅವಳು ಧರ್ಮ ಬದಲಿಸುತ್ತಿಲ್ಲ, ಮನೆಯವರ ಜೊತೆ ಕೂರುತ್ತಿದ್ದಾಳೆ, ಅಷ್ಟೇ. ಯಲ್ಲಾಪುರದ ಕಡೆ ಸಾತುಂಬೈಲಿನಲ್ಲಿ ಸಿದ್ದಿನಾಸ್ ಅನ್ನುವ ದೇವರ ಜಾಗವಿದೆ. ಅಲ್ಲಿಗೂ ಮೂರೂ ಧರ್ಮದ ಸಿದ್ದಿಗಳು ಬರುತ್ತಾರೆ.

ಚರ್ಚಿನ ಕಡೆಯಿಂದ ನೋಡಿದರೆ? ಇದು ಹಳೇ ಜಗಳ. ಚೀನಾದ ಕ್ಯಾಥೊಲಿಕರು ಸತ್ತ ಹಿರಿಯರಿಗೆ ತಲೆಬಾಗಬಹುದಾ ಅಂತ ರೋಮ್ ನೂರಾರು ವರ್ಷ ಎಳೆದಾಡಿತು. ಮೊದಲು ಬೇಡ ಅಂದಿತು, ಕೊನೆಗೆ 1939ರಲ್ಲಿ ಅದು ಗೌರವ, ಮೂರ್ತಿಪೂಜೆ ಅಲ್ಲ ಅಂತ ಒಪ್ಪಿತು. ಈಗಲೂ ಕಟ್ಟುನಿಟ್ಟಿನ ಪಾದ್ರಿಗಳು ಬೇಡ ಅನ್ನಬಹುದು, ಕಟ್ಟುನಿಟ್ಟಿನ ಮೌಲವಿಗಳೂ ಅನ್ನುತ್ತಾರೆ. ಆದರೆ ನವೆಂಬರ್ 2ಕ್ಕೆ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವ ನಮ್ಮ ಕ್ಯಾಥೊಲಿಕ್ ಪಕ್ಕದ ಮನೆಯವರನ್ನು ನೀವು ಈ ಪ್ರಶ್ನೆ ಕೇಳಿದ್ದೀರಾ? ನಾವಂತೂ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವವರು! ಗುಜರಾತಿನ ಸಿದ್ದಿಗಳು ಮುಸ್ಲಿಮರು, ಅವರಿಗೆ ರತನ್‌ಪುರದ ಬಾವಾ ಗೋರ್ ದರ್ಗಾ ಇದೆ. ಆ ಸಂತ ಆಫ್ರಿಕಾದಿಂದ ಬಂದವರು ಅನ್ನುವುದು ಅವರ ನಂಬಿಕೆ. ಅಲ್ಲಿ ಹಿಂದೂಗಳೂ ಹರಕೆ ಹೊರುತ್ತಾರೆ.

ಒಂದು ಮಾತು ಹೇಳಿಬಿಡುತ್ತೇನೆ. ಹಳಿಯಾಳದ ಕಡೆ ಒಂದು ಜಗಲಿಯಲ್ಲಿ ಅಜ್ಜಿಯೊಬ್ಬರು ಕೌದಿ ಹೊಲಿಯುವುದನ್ನು ನೋಡುತ್ತಾ ಒಂದು ಮಧ್ಯಾಹ್ನ ಸುಮ್ನೆ ಕೂತಿದ್ದೆ. ಹಳೇ ಸೀರೆ, ಅಂಗಿಯ ಚೂರುಗಳು. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಸಣ್ಣ ಸಣ್ಣ ಹೊಲಿಗೆ ಹಾಕುತ್ತಾ. ಕ್ರಿಶ್ಚಿಯನ್ನರ ಕೌದಿಯಲ್ಲಿ ಶಿಲುಬೆ ಇರುತ್ತದೆ, ಮುಸ್ಲಿಮರದ್ದರಲ್ಲಿ ಅರ್ಧಚಂದ್ರ ಕಾಣಬಹುದು. ಆದರೆ ನಾಲ್ಕು ಮೂಲೆಗೆ ಬಟ್ಟೆ ಮಡಚಿ ಇಡುವ ತ್ರಿಕೋನದ ಹೂವು ಇದೆಯಲ್ಲ, ಅದು ಎಲ್ಲರದ್ದರಲ್ಲೂ ಇರಬೇಕು. ಹೂವಿಲ್ಲದ ಕೌದಿ ಬೆತ್ತಲೆ ಅಂತಾರೆ ಅಲ್ಲಿಯ ಹೆಂಗಸರು. ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ನೆನಪಾಗಿದ್ದು ಆ ಮೂಲೆ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಕಳೆದ ಡಿಸೆಂಬರ್ 31ರ ರಾತ್ರಿ ಕಪ್ಪು ಜನರ ಚರ್ಚಿಗೆ ಗೆಳೆಯನ ಜೊತೆ ಹೋಗಿದ್ದನಂತೆ. ಹೊಸ ವರ್ಷಕ್ಕೆ ಪಾರ್ಟಿ ಬಿಟ್ಟು ಪ್ರಾರ್ಥನೆ ಯಾಕೆ? – ತಾಯಿಯೊಬ್ಬರು, ಬೆಂಗಳೂರು

ಉತ್ತರ: ಅದನ್ನು ಅವರು ವಾಚ್ ನೈಟ್ ಅನ್ನುತ್ತಾರೆ. ವರ್ಷದ ಕೊನೇ ರಾತ್ರಿ ಎದ್ದಿದ್ದು ಪ್ರಾರ್ಥಿಸುವ ಪದ್ಧತಿ ಮೆಥಡಿಸ್ಟರು ಅನ್ನುವ ಪ್ರೊಟೆಸ್ಟೆಂಟ್ ಪಂಗಡದವರಲ್ಲಿ ಮೊದಲೇ ಇತ್ತು. ಆದರೆ 1862ರ ಡಿಸೆಂಬರ್ 31ಕ್ಕೆ ಅದರ ಅರ್ಥವೇ ಬೇರೆಯಾಯಿತು. ಮರುದಿನದಿಂದ ಅಧ್ಯಕ್ಷ ಲಿಂಕನ್ ಅವರ ಗುಲಾಮರ ಬಿಡುಗಡೆಯ ಘೋಷಣೆ ಜಾರಿಗೆ ಬರಬೇಕಿತ್ತು. ನಿಜಕ್ಕೂ ಬರುತ್ತದಾ, ಇಲ್ವಾ ಅಂತ ಜನ ಚರ್ಚುಗಳಲ್ಲಿ ಸೇರಿ ಕಾದರು. ಈಗಲೂ ಅನೇಕ ಕಡೆ ಮಧ್ಯರಾತ್ರಿ ಮಂಡಿಯೂರಿ ಕಾಯುತ್ತಾರೆ. ಮಗನನ್ನು ಬೈಯಬೇಡಿ, ಏನು ಹಾಡಿದರು ಅಂತ ಕೇಳಿ.

ಪ್ರಶ್ನೆ: ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಸಿದ್ದಿ ನೃತ್ಯ ಮಾಡಿಸೋಣ ಅಂತಿದ್ದೇವೆ. ಮಕ್ಕಳ ಮುಖಕ್ಕೆ ಕಪ್ಪು ಬಣ್ಣ ಹಚ್ಚಿ, ಸೊಂಟಕ್ಕೆ ಸೊಪ್ಪು ಕಟ್ಟಿಸಿದರೆ ಚೆಂದ ಕಾಣುತ್ತದಲ್ವಾ? ಅವರ ಪರಂಪರೆಗೆ ಗೌರವವೂ ಆಯಿತು. – ಶಿಕ್ಷಕರು, ದಾವಣಗೆರೆ

ಉತ್ತರ: ಬೇಡ ಸರ್. ಬಣ್ಣವಂತೂ ಬೇಡವೇ ಬೇಡ. ಅದು ಗೌರವ ಅಲ್ಲ, ಅಣಕ. ಡಮಾಮಿ ಅನ್ನುವುದು ಚರ್ಮದ ವಾದ್ಯ, ಅದನ್ನು ಬಡಿಯುತ್ತಾ ಹಾಡಿ ಕುಣಿಯುವುದು ಮನೆಯವರೆಲ್ಲ ಸೇರಿದಾಗಿನ ಸಂಭ್ರಮ. ನಮ್ಮ ವೇದಿಕೆಗೆ ಕರೆದು ನಾವೇ ಅವರಿಗೆ ಸೊಪ್ಪು ಕಟ್ಟಿಸಿಬಿಟ್ಟಿದ್ದೇವೆ, ಕಾಡಿನವರು ಅಂತ ತೋರಿಸುವ ಆಸೆಯಿಂದ. ಮನೆಯಲ್ಲಿ ಅವರು ನಿಮ್ಮ ಹಾಗೆ ಲುಂಗಿ, ಪ್ಯಾಂಟು, ಸೀರೆಯಲ್ಲೇ ಇರುತ್ತಾರೆ.

ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದೇ 2003ರಲ್ಲಿ. ಅವರಲ್ಲಿ ಮೊದಲ ಬಾರಿಗೆ ಒಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ಬಂದದ್ದು 2020ರಲ್ಲಿ. ಇದನ್ನು ಮಕ್ಕಳಿಗೆ ಹೇಳಿ. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಅನ್ನುವ ಹಬ್ಶಿ, ಅಂದರೆ ಆಫ್ರಿಕಾ ಮೂಲದವನು, ಮಂತ್ರಿಯಾಗಿದ್ದ ಅಂತಲೂ ಹೇಳಿ. ಆಮೇಲೂ ಕುಣಿತ ಬೇಕು ಅನಿಸಿದರೆ ಒಂದು ಸಿದ್ದಿ ತಂಡವನ್ನೇ ಕರೆಸಿ, ಬಸ್ ಚಾರ್ಜು, ಸಂಭಾವನೆ ಮೊದಲೇ ಮಾತಾಡಿ. ಏನು ಹಾಕಿಕೊಳ್ಳಬೇಕು ಅನ್ನುವುದನ್ನು ಅವರಿಗೇ ಬಿಡಿ, ಊಟಕ್ಕೆ ಅತಿಥಿಗಳ ಸಾಲಿನಲ್ಲೇ ಕೂರಿಸಿ.