ಬೆಕ್ಕಿಗೆ ಆ್ಯಂಟಿಬಯೋಟಿಕ್ ಕೊಡುವಾಗ ಹೊಟ್ಟೆ ಕೆಟ್ಟರೆ
(ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ)

ಪ್ರಶ್ನೆ: ನಮ್ಮ ಗಂಡು ಬೆಕ್ಕು ಬೀದಿಯ ಬೆಕ್ಕಿನೊಡನೆ ಕಾದಾಡಿ ಕುತ್ತಿಗೆಗೆ ಕಚ್ಚಿಸಿಕೊಂಡು, ಗಾಯ ಕೀವುಗಟ್ಟಿತ್ತು. ವೈದ್ಯರು ಕೀವು ತೆಗೆದು, ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನಿಕ್ ಆಮ್ಲ ಸೇರಿರುವ ಮಾತ್ರೆಯನ್ನು ದಿನಕ್ಕೆ ಎರಡು ಬಾರಿ ಒಂದು ವಾರ ಕೊಡಲು ಹೇಳಿದ್ದಾರೆ. ಎರಡನೆಯ ದಿನದಿಂದ ಭೇದಿಯಾಗುತ್ತಿದೆ, ಒಮ್ಮೆ ವಾಂತಿಯೂ ಆಯಿತು. ಗಾಯ ಒಣಗುತ್ತಿರುವುದರಿಂದ ಮಾತ್ರೆ ನಿಲ್ಲಿಸಬಹುದೇ? ಮೊಸರನ್ನ ಕೊಟ್ಟರೆ ಸಾಕೆಂದು ಮನೆಯ ಹಿರಿಯರು ಹೇಳುತ್ತಾರೆ.
– ಓದುಗರು, ಸಾಗರ

ಉತ್ತರ: ಈ ಔಷಧದಿಂದ ಬೆಕ್ಕುಗಳಿಗೆ ವಾಂತಿ, ಭೇದಿ, ಹಸಿವಿಲ್ಲದಿರುವಿಕೆ ಆಗುವುದು ಸಾಮಾನ್ಯ. ಗಾಯದಲ್ಲಿರುವ ರೋಗಾಣುಗಳನ್ನು ಕೊಲ್ಲುವ ಮಾತ್ರೆಗೆ ಕರುಳಿನಲ್ಲಿ ನೆಲೆಸಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಬೇರೆಯೆಂದು ತಿಳಿಯುವುದಿಲ್ಲ. ಅವು ಕುಗ್ಗಿದಾಗ ದೊಡ್ಡ ಕರುಳು ನೀರನ್ನು ಸರಿಯಾಗಿ ಹೀರಿಕೊಳ್ಳಲಾರದೆ ಮಲ ತೆಳುವಾಗುತ್ತದೆ. ಬೆಕ್ಕು ಚುರುಕಾಗಿದ್ದು, ತಿನ್ನುತ್ತಾ ನೀರು ಕುಡಿಯುತ್ತಿದ್ದರೆ ಗಾಬರಿಪಡಬೇಕಾಗಿಲ್ಲ. ಆದರೂ ವೈದ್ಯರಿಗೆ ದೂರವಾಣಿಯಲ್ಲಿ ತಿಳಿಸಿ, ಏಕೆಂದರೆ ಔಷಧವನ್ನು ಮುಂದುವರಿಸಬೇಕೇ ಬದಲಿಸಬೇಕೇ ಎಂಬುದನ್ನು ಅವರು ನಿರ್ಧರಿಸಬೇಕು. ಕಚ್ಚಿದ ಗಾಯದ ಬಾಯಿ ಬೇಗ ಮುಚ್ಚಿಕೊಂಡರೂ ಚರ್ಮದ ಕೆಳಗೆ ಮತ್ತೆ ಕೀವು ತುಂಬಬಹುದಾದ್ದರಿಂದ, ಹೊರಗೆ ಒಣಗಿದ್ದನ್ನು ಕಂಡು ನೀವಾಗಿಯೇ ಮಾತ್ರೆ ನಿಲ್ಲಿಸುವುದು ಸರಿಯಲ್ಲ. ಮಾತ್ರೆ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ವಾಂತಿಯಾದರೆ ಕೇಳದೆ ಇನ್ನೊಂದನ್ನು ಕೊಡಬೇಡಿ.

ಮಾತ್ರೆಯನ್ನು ಖಾಲಿ ಹೊಟ್ಟೆಗೆ ಕೊಡುತ್ತಿದ್ದರೆ ಮೊದಲು ಅದನ್ನು ಬದಲಿಸಿ, ಊಟದೊಂದಿಗೆ ಕೊಡಿ. ಎಷ್ಟೋ ಬೆಕ್ಕುಗಳಿಗೆ ಇಷ್ಟರಿಂದಲೇ ವಾಂತಿ ನಿಲ್ಲುತ್ತದೆ. ಉಪ್ಪು, ಖಾರ, ಎಣ್ಣೆಯಿಲ್ಲದೆ ಬೇಯಿಸಿ ಮೂಳೆ ತೆಗೆದ ಕೋಳಿಮಾಂಸವನ್ನು ಸ್ವಲ್ಪಸ್ವಲ್ಪವಾಗಿ ನಾಲ್ಕೈದು ಬಾರಿ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುವುದರಿಂದ ನಮ್ಮ ಸಾರಿನಿಂದ ತೆಗೆದ ತುಂಡು ಖಂಡಿತ ಬೇಡ.

ಹಿರಿಯರ ಮೊಸರನ್ನದ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಬೆಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಕಡಿಮೆಯಿರುವುದರಿಂದ ಹಾಲು ಕುಡಿಸಿದರೆ ಭೇದಿ ಹೆಚ್ಚುತ್ತದೆ. ಮೊಸರಿನಲ್ಲಿ ಆ ಸಕ್ಕರೆ ಸ್ವಲ್ಪ ಕಡಿಮೆ, ಒಂದು ಚಮಚ ತಿಂದರೆ ಹಾನಿಯೇನಿಲ್ಲ. ಆದರೆ ಅದು ಚಿಕಿತ್ಸೆಯೂ ಅಲ್ಲ, ಅನ್ನವಂತೂ ಮಾಂಸಾಹಾರಿ ಪ್ರಾಣಿಗೆ ಊಟವಲ್ಲ. ಉಪಕಾರಿ ಸೂಕ್ಷ್ಮಜೀವಿಗಳೇ ಬೇಕೆಂದಾದರೆ ಬೆಕ್ಕುಗಳಿಗೆಂದೇ ತಯಾರಿಸಿದ ಪ್ರೊಬಯೋಟಿಕ್ ಪುಡಿಯನ್ನು ವೈದ್ಯರಿಂದ ಬರೆಸಿಕೊಂಡು, ಮಾತ್ರೆಗೂ ಅದಕ್ಕೂ ಒಂದೆರಡು ಗಂಟೆಯ ಅಂತರವಿರುವಂತೆ ಕೊಡಿ. ಮನೆಯಲ್ಲಿರುವ, ಮನುಷ್ಯರ ಭೇದಿ ನಿಲ್ಲಿಸುವ ಮಾತ್ರೆಯನ್ನು ಮುಟ್ಟಬೇಡಿ. ಮೈ ಬಿಸಿಯಾಗಿದೆಯೆಂದು ಪ್ಯಾರಸಿಟಮಾಲ್ ಕೊಡುವವರೂ ಇದ್ದಾರೆ. ಅದರ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ನಿಜವಾಗಿ ಅಂಜಬೇಕಾದದ್ದು ಭೇದಿಗಿಂತ ಉಪವಾಸಕ್ಕೆ. ಬೆಕ್ಕು, ಅದರಲ್ಲೂ ದಪ್ಪಗಿರುವ ಬೆಕ್ಕು, ಎರಡು ಮೂರು ದಿನ ಏನನ್ನೂ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿಗೆ ಬಂದು ತುಂಬಿಕೊಳ್ಳುತ್ತದೆ, ಕಾಮಾಲೆಯಾಗಿ ಪ್ರಾಣಕ್ಕೂ ಕುತ್ತು ಬರಬಹುದು. ಆದ್ದರಿಂದ ಒಂದು ಇಡೀ ದಿನ ಆಹಾರ ಮುಟ್ಟದಿದ್ದರೆ, ಮತ್ತೆಮತ್ತೆ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಅಥವಾ ಹೆಗಲ ಚರ್ಮವನ್ನು ಎತ್ತಿ ಬಿಟ್ಟಾಗ ಅದು ಕೂಡಲೇ ಹಿಂದಕ್ಕೆ ಸರಿಯದಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಶೀತಕ್ಕೆಂದು ನಮ್ಮ ಬೆಕ್ಕಿಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಬಾಯಿಗೆ ಹಾಕಿ ನುಂಗಿಸುತ್ತಿದ್ದೇವೆ. ನಿನ್ನೆಯಿಂದ ಜೊಲ್ಲು ಸುರಿಸುತ್ತಾ, ಕತ್ತು ಚಾಚಿ ನುಂಗಲು ಕಷ್ಟಪಡುತ್ತಿದೆ. ತಿಂದದ್ದು ಹಾಗೆಯೇ ಹೊರಬರುತ್ತಿದೆ. ಇದೂ ಹೊಟ್ಟೆ ಕೆಟ್ಟದ್ದೇ?
– ಓದುಗರು, ಧಾರವಾಡ

ಉತ್ತರ: ಇದು ಹೊಟ್ಟೆಯ ತೊಂದರೆಯಂತೆ ಕಾಣುತ್ತಿಲ್ಲ, ಅನ್ನನಾಳದ್ದಿರಬೇಕು. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಅಂಟಿಕೊಂಡು ಬಹಳ ಹೊತ್ತು ಉಳಿಯುವುದುಂಟು. ಆಮ್ಲೀಯವಾದ ಡಾಕ್ಸಿಸೈಕ್ಲಿನ್ ಅಲ್ಲಿಯೇ ಕರಗಿದರೆ ಒಳಪೊರೆ ಸುಟ್ಟು ಹುಣ್ಣಾಗುತ್ತದೆ, ಹುಣ್ಣು ಮಾಯುವಾಗ ನಾಳ ಕಿರಿದಾಗಿಬಿಡಬಹುದು. ಹೀಗಾಗಿ ನಿಮ್ಮ ವಿಷಯದಲ್ಲಿ ಇನ್ನೊಂದು ಮಾತ್ರೆ ಹಾಕುವ ಮುನ್ನ, ಇಂದೇ, ವೈದ್ಯರಿಗೆ ತೋರಿಸಿ. ಕಹಿ ಮಾತ್ರೆ ನಾಲಗೆಗೆ ತಗುಲಿದಾಗ ಬರುವ ನೊರೆ ಕೆಲವೇ ನಿಮಿಷಗಳಲ್ಲಿ ನಿಲ್ಲುತ್ತದೆ; ನೀವು ವಿವರಿಸಿರುವುದು ಅದಲ್ಲ.

ವೈದ್ಯರು ಇದೇ ಔಷಧವನ್ನು ಮುಂದುವರಿಸುವುದಾದರೆ ದ್ರವರೂಪದಲ್ಲಿ ಸಿಗುವುದೇ ಎಂದು ವಿಚಾರಿಸಿ. ಮಾತ್ರೆಯೇ ಆದರೆ ನುಂಗಿಸಿದ ಕೂಡಲೇ ಸೂಜಿಯಿಲ್ಲದ ಸಿರಿಂಜಿನಿಂದ 5ರಿಂದ 6 ಮಿ.ಲೀ. ನೀರನ್ನು ಕೆನ್ನೆಯ ಪಕ್ಕದಿಂದ ನಿಧಾನವಾಗಿ ಕುಡಿಸಿ, ಅಥವಾ ಒಂದೆರಡು ತುತ್ತು ಮೆತ್ತನೆಯ ಆಹಾರ ತಿನ್ನಿಸಿ. ನೀರಿನ ಬದಲು ಹಾಲು ಬೇಡ, ಅದರ ಕ್ಯಾಲ್ಸಿಯಂ ಈ ಔಷಧವನ್ನು ಹಿಡಿದಿಟ್ಟು ರಕ್ತಕ್ಕೆ ಪೂರ್ತಿಯಾಗಿ ಸೇರದಂತೆ ತಡೆಯುತ್ತದೆ.