ಇನ್ನೂ ಮೂರು ಐಯುಐ ಮಾಡಿಸುವುದೋ, ನೇರವಾಗಿ ಐವಿಎಫ್‌ಗೆ ಹೋಗುವುದೋ: ಯಾವುದು ಕಡಿಮೆ ಖರ್ಚು?

ಪತ್ನಿಗೆ 33 ವರ್ಷ, ಇಬ್ಬರ ಪರೀಕ್ಷೆಗಳಲ್ಲೂ ದೋಷ ಕಂಡಿಲ್ಲ, ಅಂಡ ಬೆಳೆಸುವ ಮಾತ್ರೆ ತೆಗೆದುಕೊಂಡು ಮಾಡಿಸಿದ ಮೂರು ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಫಲಿಸಿಲ್ಲ. ಈಗ ಅಂಡ ಬೆಳೆಸುವ ಇಂಜೆಕ್ಷನ್‌ನೊಂದಿಗೆ ಇನ್ನೂ ಮೂರು ಐಯುಐ ಮಾಡಿಸಬೇಕೋ, ಸಾಲ ಮಾಡಿಯಾದರೂ ಐವಿಎಫ್‌ಗೆ (ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಹೋಗಬೇಕೋ ಎಂದು ಕೇಳಿದ್ದೀರಿ. ಬಂಜೆತನ ಚಿಕಿತ್ಸಾ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿರುವ ನಾನು ದಂಪತಿಗಳೊಂದಿಗೆ ಕುಳಿತು ದಿನವೂ ಇದೇ ಲೆಕ್ಕ ಹಾಕುತ್ತೇನೆ. ನಿಮ್ಮ ಸಂದರ್ಭದಲ್ಲಿ ಇಂಜೆಕ್ಷನ್ ಐಯುಐಗೆ ಹಾಕುವ ಹಣವನ್ನು ಐವಿಎಫ್‌ಗೆ ಉಳಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಒಂದು ಸಲದ ಖರ್ಚನ್ನಷ್ಟೇ ನೋಡಿದರೆ ಐಯುಐ ಯಾವಾಗಲೂ ಅಗ್ಗ. ಆದರೆ ಮಗು ಮನೆಗೆ ಬರುವ ಹೊತ್ತಿಗೆ ಒಟ್ಟು ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಬೇಕು. ನಿಮ್ಮಂತೆಯೇ ಬಂಜೆತನಕ್ಕೆ ಕಾರಣ ತಿಳಿಯದ 503 ದಂಪತಿಗಳ ಮೇಲೆ ಅಮೆರಿಕದ ಬಾಸ್ಟನ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಗುಂಪಿನವರು ಮಾತ್ರೆಯ ಐಯುಐ, ಇಂಜೆಕ್ಷನ್ ಐಯುಐ, ಆಮೇಲೆ ಐವಿಎಫ್ ಎಂಬ ಕ್ರಮದಲ್ಲಿ ಸಾಗಿದರು. ಇನ್ನೊಂದು ಗುಂಪಿನವರು ನಡುವಿನ ಹಂತವನ್ನು ಬಿಟ್ಟರು. ಪ್ರತಿ ಸಲದ ಚಿಕಿತ್ಸೆಯಲ್ಲಿ ಗರ್ಭ ನಿಂತ ಪ್ರಮಾಣ ಮಾತ್ರೆಯ ಐಯುಐಗೆ ಶೇ. 7.6, ಇಂಜೆಕ್ಷನ್ ಐಯುಐಗೆ ಶೇ. 9.8, ಐವಿಎಫ್‌ಗೆ ಶೇ. 30.7 ಇತ್ತು. ದುಬಾರಿ ಇಂಜೆಕ್ಷನ್, ಮತ್ತೆ ಮತ್ತೆ ಸ್ಕ್ಯಾನಿಂಗ್ ಎಲ್ಲ ಆದ ಮೇಲೂ ಮಾತ್ರೆಯ ಐಯುಐಗಿಂತ ಹೆಚ್ಚಿದ್ದು ಶೇಕಡಾ ಎರಡು ಅಂಶದಷ್ಟು ಮಾತ್ರ. ನಡುವಿನ ಹಂತ ಬಿಟ್ಟವರಲ್ಲಿ ಗರ್ಭ ಬೇಗ ನಿಂತಿತು, ಪ್ರತಿ ದಂಪತಿಗೆ ಸರಾಸರಿ 2,624 ಡಾಲರ್ ಉಳಿಯಿತು. ಅದೂ ಅಲ್ಲದೆ, ಇಂಜೆಕ್ಷನ್‌ನಿಂದ ಹಲವು ಅಂಡಗಳು ಒಟ್ಟಿಗೆ ಬೆಳೆದು ಅವಳಿ ತ್ರಿವಳಿ ಗರ್ಭ ನಿಲ್ಲುವ ಸಂಭವವಿರುತ್ತದೆ. ಅವಧಿಗೆ ಮುನ್ನ ಹುಟ್ಟುವ ಶಿಶುಗಳ ಆಸ್ಪತ್ರೆ ವೆಚ್ಚವನ್ನು ಯಾರೂ ಮೊದಲೇ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್‌ನಲ್ಲಿ ವಿಮೆಯೇ ಈ ಚಿಕಿತ್ಸೆಯನ್ನು ಭರಿಸಬೇಕೆಂಬ ಕಾನೂನು 1987ರಿಂದ ಇದೆ. ನಮ್ಮಲ್ಲಿ ಬಹುತೇಕರು ಕೈಯಿಂದಲೇ ಕೊಡಬೇಕಾದ್ದರಿಂದ ಹಣ ಹೊಂದಿಸಲು ಕೆಲವು ತಿಂಗಳು ಕಾಯುವುದು ಅನಿವಾರ್ಯವಾಗಬಹುದು. 33ನೇ ವಯಸ್ಸಿನಲ್ಲಿ ಅಷ್ಟು ಕಾಯಬಹುದು, 38 ದಾಟಿದವರಿಗೆ ನಾನು ಹಾಗೆ ಹೇಳುವುದಿಲ್ಲ. ಗರ್ಭನಾಳಗಳು ಎರಡೂ ಮುಚ್ಚಿದ್ದರಂತೂ ಐಯುಐಗೆ ಹಾಕಿದ ಹಣವೆಲ್ಲ ವ್ಯರ್ಥ. ನಾಳಗಳು ತೆರೆದಿವೆಯೇ ಎಂದು ನೋಡುವ ಪರೀಕ್ಷೆ ನಿಮಗೆ ಆಗಿದೆಯೇ ಎಂದು ಕಡತದಲ್ಲಿ ನೋಡಿಕೊಳ್ಳಿ.

ಐವಿಎಫ್ ಪ್ಯಾಕೇಜ್ ಎಂದು ಕೊಡುವ ಅಂದಾಜು ಪಟ್ಟಿಯನ್ನು ಸಾವಧಾನವಾಗಿ ಓದಿ. ಇಂಜೆಕ್ಷನ್‌ಗಳ ಬೆಲೆ, ಉಳಿದ ಭ್ರೂಣಗಳನ್ನು ಶೈತ್ಯೀಕರಿಸಿಡುವ ಶುಲ್ಕ, ಅವನ್ನು ಮುಂದೆ ಗರ್ಭಕೋಶಕ್ಕೆ ವರ್ಗಾಯಿಸುವ ಶುಲ್ಕ, ಇವು ಅನೇಕ ಕಡೆ ಪ್ಯಾಕೇಜಿನ ಹೊರಗಿರುತ್ತವೆ. ಇಕ್ಸಿ (ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವ ವಿಧಾನ) ಎಂದು ಬರೆದಿದ್ದರೆ ಕಾರಣ ಕೇಳಿ: ವೀರ್ಯ ಪರೀಕ್ಷೆ ಸರಿಯಿದ್ದ 1,064 ದಂಪತಿಗಳ ಮೇಲೆ ವಿಯೆಟ್ನಾಂನಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಕ್ಸಿಯಿಂದ ಮಗು ಪಡೆದವರ ಪ್ರಮಾಣ ಸಾಮಾನ್ಯ ಐವಿಎಫ್‌ಗಿಂತ ಗಣನೀಯವಾಗಿ ಹೆಚ್ಚಿರಲಿಲ್ಲ.